ಟ್ರ್ಯಾಕ್ಟರಿಗೆ ಒಂದು ಸುತ್ತು

ಕೂರುವುದೇ ನನ್ನ ಕಸುಬು. ಹೀಗೆಂದರೆ ಜನ ನಗುತ್ತಾರೆ, ಆದರೆ ಸುಳ್ಳಲ್ಲ. ಡೆಟ್ರಾಯಿಟ್ ಸೀಮೆಯ ಒಂದು ಕಂಪನಿಯಲ್ಲಿ ಹಲವು ವರ್ಷ ನಾನು ಕಾರಿನ ಸೀಟುಗಳನ್ನು ವಿನ್ಯಾಸ ಮಾಡುತ್ತಿದ್ದೆ. ಸೊಂಟಕ್ಕೆ ಎಷ್ಟು ಆಸರೆ ಬೇಕು, ತೊಡೆಯ ಕೆಳಗಿನ ಫೋಮು ಎಷ್ಟು ಮೆತ್ತಗಿರಬೇಕು, ಮೂರು ಗಂಟೆ ಓಡಿಸಿದ ಮೇಲೆ ಬೆನ್ನು ಯಾವ ಜಾಗದಲ್ಲಿ ತಕರಾರು ತೆಗೆಯುತ್ತದೆ, ಇವೇ ನನ್ನ ದಿನನಿತ್ಯದ ಚಿಂತೆಗಳು. ಯಾರ ಮನೆಗೆ ಹೋದರೂ ಅವರ ಸೋಫಾದ ಬಗ್ಗೆ ಮನಸ್ಸಿನಲ್ಲೇ ಒಂದು ತೀರ್ಪು ಕೊಟ್ಟುಬಿಡುವ ಚಾಳಿ ನನಗೆ ಆಗ ಅಂಟಿದ್ದು, ಇವತ್ತಿಗೂ ಬಿಟ್ಟಿಲ್ಲ. ಮೈಸೂರಿನಲ್ಲಿ ಅಮ್ಮ ಅಕ್ಕಪಕ್ಕದವರಿಗೆ "ಮಗ ಕಾರ್ ಇಂಜಿನಿಯರ್" ಎಂದು ಹೇಳಿ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಸೀಟಿನ ವಿಷಯ ಅವಳಿಗೆ ಅಷ್ಟೇನೂ ಘನತೆಯದ್ದೆನಿಸಿರಲಿಲ್ಲ. ಹೆಂಡತಿಯಂತೂ "ಇವ್ರಿಗೆ ಕೂತ್ಕೊಳ್ಳೋದಕ್ಕೇ ಸಂಬಳ" ಎಂದು ಬಂದವರ ಮುಂದೆಲ್ಲ ರೇಗಿಸುತ್ತಿದ್ದಳು.

ರಿಸೆಷನ್ ಬಂದಾಗ ಮೊದಲ ಹೊಡೆತ ಬಿದ್ದದ್ದು ನಮ್ಮ ಸೀಮೆಗೇ. ಕಾರು ಕೊಳ್ಳುವವರೇ ಇಲ್ಲದ ಮೇಲೆ ಸೀಟು ಯಾರಿಗೆ ಬೇಕು. ನಮ್ಮ ಮಹಡಿಯಲ್ಲಿ ಒಂದೊಂದೇ ಕುರ್ಚಿ ಖಾಲಿಯಾಗುತ್ತ ಬಂದು ಬೇಸಿಗೆ ಮುಗಿಯುವ ಹೊತ್ತಿಗೆ ನನ್ನದೂ ಖಾಲಿಯಾಯಿತು. ಕಂಪನಿಯವರು ಅಕ್ಟೋಬರ್ ಮುಗಿಯುವವರೆಗೆ ನನ್ನನ್ನು ನೌಕರನೆಂದೇ ಇಟ್ಟುಕೊಳ್ಳುತ್ತೇವೆ ಎಂದರು. ವೀಸಾ ಮೇಲೆ ಇರುವವರಿಗೆ ಅದೂ ಒಂದು ಉಪಕಾರವೇ. ಅಷ್ಟರೊಳಗೆ ಬೇರೆ ಕೆಲಸ ಸಿಕ್ಕರೆ ಉಳಿದೆವು, ಸಿಗದಿದ್ದರೆ ನಾನು, ಹೆಂಡತಿ, ಒಂದನೇ ಕ್ಲಾಸಿನ ಮಗಳು, ಮೂವರೂ ಗಂಟುಮೂಟೆ ಕಟ್ಟಬೇಕು. ಮಗಳು ಹುಟ್ಟಿದ್ದು ಇಲ್ಲೇ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅಜ್ಜಿ ಮನೆಗೆ ಹೋಗೋಣವಾ ಎಂದರೆ "ಫಾರ್ ಹೌ ಲಾಂಗ್?" ಎಂದು ಕೇಳುತ್ತಿದ್ದಳು.

ಹೆಂಡತಿ ಅಳಲಿಲ್ಲ, ಕೂಗಾಡಲಿಲ್ಲ. ಅವಳು ಮಾಡಿದ್ದು ಒಂದೇ ಕೆಲಸ, ಗ್ರೈಂಡರನ್ನು ತೊಳೆದು ಒರೆಸಿ ಬಾಗಿಲ ಹತ್ತಿರ ತಂದಿಟ್ಟದ್ದು. ದೋಸೆ ಇಡ್ಲಿಗೆ ರುಬ್ಬುವ, ಕಲ್ಲಿನ ಗುಂಡಿನ ಗ್ರೈಂಡರ್ ಅದು. ಅಮೆರಿಕದ ಕರೆಂಟಿಗೆಂದೇ ಮಾಡಿದ್ದು. ಊರಿನ ಕರೆಂಟಿಗೆ ಹಾಕಿದರೆ ಹೊಗೆ ಬಂದು ಸುಟ್ಟುಹೋಗುತ್ತದೆ. ಊರಿಗೆ ಹೋಗುವವರು ಏನನ್ನು ಬೇಕಾದರೂ ಹಡಗಿನಲ್ಲಿ ಕಳಿಸಬಹುದು, ಇದೊಂದನ್ನು ಬಿಟ್ಟು. ಪ್ರತಿ ಶುಕ್ರವಾರ ಸಂಜೆ ಅಕ್ಕಿ ನೆನೆಹಾಕಿ ಶನಿವಾರ ಬೆಳಗ್ಗೆ ರುಬ್ಬುವುದು ನಮ್ಮ ಮನೆಯ ಕ್ರಮ. ಅದರ ಗರಗರ ಸದ್ದು ಕೇಳಿದರೆ ಇವತ್ತು ರಜೆ ಎಂದು ಮಗಳಿಗೆ ಗೊತ್ತಾಗುತ್ತಿತ್ತು. ಅದನ್ನು ಹತ್ತಿರದ ಊರು ಕ್ಯಾಂಟನ್ನಿನಲ್ಲಿರುವ ಒಂದು ಕನ್ನಡದ ಮನೆಯವರಿಗೆ ಸುಮ್ಮನೆ ಕೊಟ್ಟುಬಿಡುತ್ತೇನೆ ಎಂದಳು.

"ಈಗಲೇ ಯಾಕೆ? ಇನ್ನೂ ಟೈಮ್ ಇದೆಯಲ್ಲ" ಎಂದೆ.

"ಇದು ಹೋಗ್ಲಿ ರೀ. ಇದೊಂದು ಹೋದ್ರೆ ಮಿಕ್ಕಿದ್ದನ್ನೆಲ್ಲ ಪ್ಯಾಕ್ ಮಾಡೋದು ಕಷ್ಟ ಆಗಲ್ಲ" ಎಂದಳು. ನಾನು ಎದ್ದು ಹೋಗಿ ಕಾರು ತೊಳೆದೆ.

ಅಂಥ ಹೊತ್ತಿನಲ್ಲಿ, ನಮ್ಮಲ್ಲಿಂದ ಐದು ಗಂಟೆ ದಾರಿಯ ಲಿಸ್ಲ್ ಎಂಬ ಊರಿನಿಂದ ಫೋನ್ ಬಂತು. ಅಲ್ಲಿಯ ಒಂದು ಟ್ರ್ಯಾಕ್ಟರ್ ಕಂಪನಿಯ ಆಫೀಸಿನಲ್ಲಿ ಚಾಲಕನ ಸೀಟು ಮತ್ತು ಅವನ ಕೈಗೆ ಕಾಲಿಗೆ ಸಿಗುವ ಸಾಮಾನುಗಳನ್ನು ನೋಡಿಕೊಳ್ಳುವ ಇಂಜಿನಿಯರ್ ಬೇಕಿತ್ತು. ಜನ ಕಾರು ಕೊಳ್ಳುವುದನ್ನು ಮುಂದೂಡಬಹುದು, ರೈತರು ಉಳುವುದನ್ನು ಮುಂದೂಡುವುದಿಲ್ಲವಲ್ಲ. ಫೋನಿನಲ್ಲಿ ಎರಡು ಸಲ ಮಾತಾಡಿದರು. ನನ್ನ ಕೆಲಸ ಅವರಿಗೆ ಹಿಡಿಸಿತು. ಆಮೇಲೆ ಮ್ಯಾನೇಜರ್ ತಮ್ಮ ತಂಡದ ಒಂದು ಪದ್ಧತಿ ಹೇಳಿದ. ಟ್ರ್ಯಾಕ್ಟರಿನ ಸೀಟು ಮಾಡುವವನು ಮೊದಲು ಟ್ರ್ಯಾಕ್ಟರ್ ಓಡಿಸಬೇಕು. ಕೊನೆಯ ಸಂದರ್ಶನ ಆಫೀಸಿನಲ್ಲಲ್ಲ, ಕಂಪನಿಯ ಪರೀಕ್ಷೆಯ ಹೊಲದಲ್ಲಿ. ಅಲ್ಲಿಯ ಒಳರಸ್ತೆಯಲ್ಲೂ ಉಳುಮೆಯ ನೆಲದಲ್ಲೂ ಓಡಿಸಿ, ಮೈಗೆ ಏನಾಯಿತೆಂದು ಹೇಳಬೇಕು. ಮುಂಚೆ ಓಡಿಸಿದ್ದೀಯಾ ಎಂದು ಕೇಳಿದ. ಇಲ್ಲ, ಕಲಿತು ಬರುತ್ತೇನೆ ಎಂದೆ. ಎರಡು ವಾರ ಕೊಟ್ಟು, ಅದರ ಕೊನೆಯ ಶುಕ್ರವಾರ ಬಾ ಎಂದ. ಆ ಶುಕ್ರವಾರದ ಮರುದಿನವೇ ಕ್ಯಾಂಟನ್ನಿನವರು ಗ್ರೈಂಡರ್ ಒಯ್ಯಲು ಬರುವುದೆಂದು ಗೊತ್ತಾಗಿತ್ತು.

ಟ್ರ್ಯಾಕ್ಟರನ್ನು ಎಲ್ಲಿ ಕಲಿಯುವುದು? ಡೆಟ್ರಾಯಿಟ್ ಸೀಮೆಯಲ್ಲಿ ನನಗೆ ಗೊತ್ತಿದ್ದ ಕನ್ನಡಿಗರಲ್ಲಿ ಯಾರ ಬಳಿಯೂ ಹುಲ್ಲು ಕತ್ತರಿಸುವ ಯಂತ್ರಕ್ಕಿಂತ ದೊಡ್ಡದು ಇರಲಿಲ್ಲ. ಆಗ ಅಪ್ಪನ ಹಳೆಯ ಸ್ನೇಹಿತರೊಬ್ಬರ ನೆನಪಾಯಿತು. ಮೈಸೂರಿನವರು, ಲಿಸ್ಲ್ ಕಡೆಯ ಡೆಸ್ ಪ್ಲೇನ್ಸ್ ಬಳಿಯ ಆಸ್ಪತ್ರೆಯೊಂದರಲ್ಲಿ ಬಹಳ ಕಾಲ ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಎಲ್ಲರೂ ಫ್ಲಾರಿಡಾಕ್ಕೆ ಹೋಗಿ ಬಿಸಿಲು ಕಾಯಿಸಿಕೊಂಡರೆ ಅಂಕಲ್ ಲಿಸ್ಲ್‌ನಿಂದ ಪಶ್ಚಿಮಕ್ಕೆ ಒಂದು ಗಂಟೆಯ ದಾರಿಯಲ್ಲಿ ಹೊಲ ಕೊಂಡು, ಒಂದು ಹಳೆಯ ನೀಲಿ ಟ್ರ್ಯಾಕ್ಟರ್ ತಂದು, ಬದನೆ, ಮೆಣಸಿನಕಾಯಿ, ಹರಿವೆ ಬೆಳೆಯುತ್ತ ಕೂತಿದ್ದರು. ಆಂಟಿ ಆ ಬದನೆಕಾಯಿಗಳನ್ನು ಲೊಂಬಾರ್ಡಿನ ಅಪಾರ್ಟ್‌ಮೆಂಟುಗಳಲ್ಲಿದ್ದ ಕನ್ನಡದ ಹುಡುಗರಿಗೆಲ್ಲ ಹಂಚುತ್ತಿದ್ದರು. ಫೋನ್ ಮಾಡಿದೆ. "ಬಾ, ಎರಡು ವಾರ ಇದ್ಬಿಡು. ಬದನೇಕಾಯಿ ತಿನ್ನೋಕೆ ಜನ ಇಲ್ಲ" ಎಂದರು ಅಂಕಲ್.

ಹೋದ ದಿನವೇ ನನ್ನ ಮೊದಲ ತಪ್ಪು. ಅಂಕಲ್ ಟ್ರ್ಯಾಕ್ಟರ್ ಹತ್ತಿ ಸ್ಟಾರ್ಟ್ ಮಾಡಿದರು. ನಾನು ಏನೂ ಯೋಚಿಸದೆ ಹಿಂದಿನ ಚಕ್ರದ ಮಡ್‌ಗಾರ್ಡಿನ ಮೇಲೆ ಏರಿ ಕೂತೆ. ಟ್ರ್ಯಾಕ್ಟರ್ ಎಂದರೆ ನನಗೆ ಗೊತ್ತಿದ್ದದ್ದು ಅಷ್ಟೇ. ಚಿಕ್ಕಂದಿನಲ್ಲಿ ಮಂಡ್ಯದ ಕಡೆ ಸೋದರಮಾವನ ಊರಿಗೆ ಹೋದಾಗ ಒಂದು ಮಡ್‌ಗಾರ್ಡಿನ ಮೇಲೆ ನಾನು, ಇನ್ನೊಂದರ ಮೇಲೆ ಅತ್ತೆಯ ತಮ್ಮ, ನಡುವೆ ಮಾವ. ಊರೆಲ್ಲ ನಮ್ಮನ್ನು ನೋಡುವಂತೆ ಗತ್ತಿನಿಂದ ಹೋಗುತ್ತಿದ್ದೆವು. ಅದು ಗೌರವದ ಜಾಗ ಎಂದೇ ನನ್ನ ಎಣಿಕೆ. ಅಂಕಲ್ ಇಂಜಿನ್ ಆಫ್ ಮಾಡಿ ನನ್ನ ಮುಖ ನೋಡಿದರು.

"ಇಳಿ."

"ಪರವಾಗಿಲ್ಲ ಅಂಕಲ್, ನಂಗೆ ಅಭ್ಯಾಸ ಇದೆ."

"ಅಭ್ಯಾಸ ಇದ್ದೋರನ್ನೇ ನಾನು ಆಪರೇಷನ್ ಟೇಬಲ್ ಮೇಲೆ ನೋಡಿರೋದು. ಒಂದು ಸೀಟು, ಒಬ್ಬ ಮನುಷ್ಯ. ನೆಲದ ಮೇಲೆ ನಿಂತ್ಕೊಂಡು ಕಲಿ."

ಇಳಿದೆ. ಸೀಟು ಮಾಡುವವನಾಗಿ ಇಷ್ಟು ನನಗೇ ಹೊಳೆಯಬೇಕಿತ್ತು.

ಅಂಕಲ್ ಕಲಿಸುವ ರೀತಿ ಶುದ್ಧ ಡಾಕ್ಟರರ ರೀತಿ. ಅವರಿಗೆ ಟ್ರ್ಯಾಕ್ಟರ್ ಒಬ್ಬ ರೋಗಿ. "ಮಲಗಿಸೋದು ಯಾರಿಗೆ ಬೇಕಾದ್ರೂ ಬರತ್ತೆ, ಎಬ್ಬಿಸೋದು ಬರಬೇಕು. ಹಾಗೇ ಇದನ್ನ ಹೊರಡಿಸೋದು ದೊಡ್ಡದಲ್ಲ, ನಿಲ್ಲಿಸೋದನ್ನ ಮೊದಲು ಕಲಿ" ಎನ್ನುತ್ತಿದ್ದರು. ಹತ್ತುವಾಗ ಮುಖ ಯಂತ್ರದ ಕಡೆ, ಎರಡು ಕೈಯೂ ಹಿಡಿಕೆಯ ಮೇಲೆ. ಇಳಿಯುವಾಗಲೂ ಹಾಗೆಯೇ, ಬಸ್ಸಿನಿಂದ ಹಾರಿದಂತೆ ಹಾರಕೂಡದು. ಸೀಟಿನ ಹಿಂಬದಿಗೆ ಬೆನ್ನು ತಾಗುವಂತೆ ಪೂರ್ತಿ ಒಳಗೆ ಕೂರಬೇಕು. ಬೆನ್ನ ಹಿಂದೆ ಕಮಾನಿನಂತೆ ಒಂದು ಕಬ್ಬಿಣದ ಚೌಕಟ್ಟಿತ್ತು. ಗಾಡಿ ಮಗುಚಿದರೆ ಜೀವ ಉಳಿಸುವುದು ಅದೇ, ಆದರೆ ಬೆಲ್ಟ್ ಕಟ್ಟಿಕೊಂಡಿದ್ದರೆ ಮಾತ್ರ. ಕಾಲ ಕೆಳಗೆ ಎಡಕ್ಕೆ ಕ್ಲಚ್ಚು. ಬಲಕ್ಕೆ ನೋಡಿದರೆ ಬ್ರೇಕು ಒಂದಲ್ಲ, ಎರಡು.

ಇದು ನನಗೆ ಹೊಸ ವಿಷಯ. ಹಿಂದಿನ ಎಡಚಕ್ರಕ್ಕೊಂದು ಬ್ರೇಕು, ಬಲಚಕ್ರಕ್ಕೊಂದು. ಹೊಲದಲ್ಲಿ ಸಾಲಿನ ತುದಿಗೆ ಬಂದಾಗ ಒಂದನ್ನೇ ಒತ್ತಿದರೆ ಟ್ರ್ಯಾಕ್ಟರ್ ಆ ಕಡೆಗೆ ನಿಂತಲ್ಲೇ ತಿರುಗುತ್ತದೆ, ಅದಕ್ಕಾಗಿ ಈ ಏರ್ಪಾಡು. ಆದರೆ ರಸ್ತೆಯ ಮೇಲೆ ವೇಗದಲ್ಲಿದ್ದಾಗ ಒಂದೇ ಬ್ರೇಕನ್ನು ಒತ್ತಿದರೆ ಗಾಡಿ ಒಂದು ಕಡೆಗೆ ಎಳೆದು ಮಗುಚಿಕೊಳ್ಳಬಹುದು. ಅದಕ್ಕೆ ಎರಡನ್ನೂ ಸೇರಿಸಲು ನಡುವೆ ಒಂದು ಚಿಲಕವಿತ್ತು. ರಸ್ತೆಗೆ ಇಳಿಯುವ ಮೊದಲು ಚಿಲಕ ಹಾಕು, ಹೊಲಕ್ಕೆ ಬಂದ ಮೇಲೆ ತೆಗೆ, ಮತ್ತೆ ರಸ್ತೆಗೆ ಹೊರಟರೆ ಮತ್ತೆ ಹಾಕು. ಅಂಕಲ್ ಇದನ್ನು ದಿನವೂ ಹೇಳುತ್ತಿದ್ದರು. ಹಿಂಬದಿಯಲ್ಲಿ ಕಿತ್ತಳೆ ಬಣ್ಣದ ಒಂದು ತ್ರಿಕೋನ. ಈ ಗಾಡಿ ನಿಧಾನ ಎಂದು ಹಿಂದೆ ಐವತ್ತೈದು ಮೈಲಿ ವೇಗದಲ್ಲಿ ಬರುವವನಿಗೆ ಹೇಳುವುದು ಅದೊಂದೇ. ಅದು ಸದಾ ಥಳಥಳ ಹೊಳೆಯುತ್ತಿರಬೇಕು.

ಅಂಕಲ್ ಪಾಠ ಹೀಗಾದರೆ ಆಂಟಿಯದು ಒಂದೇ ಕಟ್ಟಳೆ. ಟ್ರ್ಯಾಕ್ಟರ್ ಹತ್ತುವ ಮುಂಚೆ ಅದಕ್ಕೆ ಒಂದು ಪ್ರದಕ್ಷಿಣೆ ಬರಬೇಕು. ಒಂದು ಸುತ್ತು ಪೂರ್ತಿ ಬಂದು, ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಹತ್ತಬೇಕು. ಬೆಳಗ್ಗೆ ಒಂದು ಸಲ ಬಂದರೆ ಸಾಲದು, ಇಳಿದು ಮತ್ತೆ ಹತ್ತುವಾಗೆಲ್ಲ ಬರಬೇಕು. ಪಕ್ಕದ ಹೊಲದವರ ಬೆಕ್ಕು ಒಮ್ಮೆ ಹಿಂದಿನ ಚಕ್ರದ ಅಡಿ ಮಲಗಿತ್ತಂತೆ. ಅಂಕಲ್ ನೋಡದೆ ಹೊರಡಿಸಿ, ಅದು ಕೂದಲೆಳೆಯಲ್ಲಿ ಪಾರಾಗಿ ಓಡಿತಂತೆ. ಅಂದಿನಿಂದ ಈ ನೇಮ.

"ಇದನ್ನ ಪ್ರೀ-ಆಪ್ ಚೆಕ್ ಅಂತಾರೆ. ಪ್ರತಿ ಆಪರೇಷನ್ನಿಗೂ ಮುಂಚೆ ನಾನು ಮೆಷಿನ್ ಸುತ್ತಾ ಹೀಗೇ ನೋಡ್ತಿದ್ದೆ" ಎಂದು ಅಂಕಲ್ ನನಗೆ ಸಮಜಾಯಿಷಿ ಕೊಟ್ಟರು.

"ಚೆಕ್ಕೂ ಇಲ್ಲ ಗಿಕ್ಕೂ ಇಲ್ಲ, ಪ್ರದಕ್ಷಿಣೆ" ಎಂದರು ಅಡಿಗೆಮನೆಯ ಕಿಟಕಿಯಿಂದ ಆಂಟಿ. ಅವರಿಗೆ ಅಲ್ಲಿಂದಲೇ ಶೆಡ್ಡು ಕಾಣುತ್ತಿತ್ತು. ಅರ್ಧಕ್ಕೇ ನಿಲ್ಲಿಸಿದರೆ ಕಿಟಕಿಯ ಗಾಜು ತಟ್ಟುತ್ತಿದ್ದರು. ಒಂದು ಬೆಳಗ್ಗೆ ಅಂಕಲ್ ಸಿಟ್ಟಿನಿಂದ ಉಲ್ಟಾ ಸುತ್ತು ಬಂದದ್ದಕ್ಕೆ ಅವರಿಗೆ ಎರಡನೇ ಸಲ ಕಾಫಿ ಸಿಗಲಿಲ್ಲ.

ಒಂದು ವಾರದಲ್ಲಿ ನನಗೆ ಧೈರ್ಯ ಬಂತು. ಸಣ್ಣ ಗೇರಿನಲ್ಲಿ ಹೊರಡಿಸುವುದು, ಹಿಂದೆ ನೆಲ ಕೆದಕುವ ಕಲ್ಟಿವೇಟರನ್ನು ಮೇಲೆತ್ತಿ ಇಳಿಸುವುದು, ಸಾಲು ಸೊಟ್ಟಗಾಗದಂತೆ ದೂರದ ಒಂದು ಮರಕ್ಕೆ ಕಣ್ಣು ನೆಟ್ಟು ಹೋಗುವುದು, ಎಲ್ಲ ಕೈಗೆ ಹತ್ತಿತು. ಸಂಜೆ ಬೆನ್ನು ಮಾತ್ರ ಬೇರೆಯವರದ್ದಾಗುತ್ತಿತ್ತು. ಆ ಸೀಟಿನ ಸ್ಪ್ರಿಂಗು ಎಂದೋ ಸತ್ತಿತ್ತು. ಇಷ್ಟು ವರ್ಷ ನುಣ್ಣನೆಯ ರಸ್ತೆಯ ಮೇಲಿನ ಬೆನ್ನಿಗೆ ಫೋಮು ಅಳೆಯುತ್ತಿದ್ದ ನನಗೆ, ಉಳುವವನ ಬೆನ್ನು ಒಂದು ದಿನಕ್ಕೆ ಏನೆಲ್ಲ ನುಂಗುತ್ತದೆ ಎಂದು ಆಗ ತಿಳಿಯಿತು. ಅದಕ್ಕಿಂತ ಕೆಟ್ಟದ್ದು ಕುತ್ತಿಗೆ. ಹಿಂದಿನ ಕಲ್ಟಿವೇಟರ್ ನೋಡಲು ಗಳಿಗೆಗೊಮ್ಮೆ ತಿರುಗಿ ತಿರುಗಿ, ರಾತ್ರಿ ದಿಂಬಿನ ಮೇಲೂ ತಲೆ ಬಲಕ್ಕೇ ವಾಲುತ್ತಿತ್ತು. ಆಂಟಿ ಎಳ್ಳೆಣ್ಣೆ ಕಾಯಿಸಿ ಕೊಟ್ಟರು.

ಆಮೇಲೆ ಆಯುಧಪೂಜೆ ಬಂತು. ಪರೀಕ್ಷೆಗೆ ಇನ್ನು ಕೆಲವೇ ದಿನ. ಬೆಳಗ್ಗೆ ಹೊರಗೆ ಫ್ಯಾರನ್‌ಹೀಟ್ ಲೆಕ್ಕದ ನಲವತ್ತು ಡಿಗ್ರಿಯೂ ಇರಲಿಲ್ಲ, ಕೊರೆಯುವ ಚಳಿ. ಆಂಟಿ ಟ್ರ್ಯಾಕ್ಟರಿಗೆ ಬಿಸಿನೀರಿನ ಸ್ನಾನ ಮಾಡಿಸಿ, ತಮ್ಮ ಹಿತ್ತಿಲಿನ ಚೆಂಡುಹೂವಿನ ಮಾಲೆ ಹಾಕಿ, ಚಕ್ರಗಳ ಅಡಿ ನಿಂಬೆಹಣ್ಣು ಇಟ್ಟು, ಅರಿಶಿನ ಕುಂಕುಮವನ್ನು ಧಾರಾಳವಾಗಿ ಹಚ್ಚಿದರು. ಹೆಡ್‌ಲೈಟಿಗೆ, ಸ್ಟೇರಿಂಗಿಗೆ, ಮೆಟ್ಟಿಲಿಗೆ, ಕೊನೆಗೆ ಬಗ್ಗಿ ಪೆಡಲುಗಳಿಗೂ. ಮಂಗಳಾರತಿ ಆಯಿತು, ಕಾಯಿ ಒಡೆದದ್ದಾಯಿತು. ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸುವ ಮರ್ಯಾದೆಯನ್ನು ಅಂಕಲ್ ನನಗೆ ಬಿಟ್ಟುಕೊಟ್ಟರು.

ನಾನು ಸುತ್ತು ಬಂದೆ, ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಎದುರಿಗೆ ಕುಂಕುಮ ಹಚ್ಚಿದ ಮೆಟ್ಟಿಲು. ಅದರ ಮೇಲೆ ಬೂಟುಗಾಲು ಇಡಲು ಮನಸ್ಸಾಗಲಿಲ್ಲ. ಪೂಜೆಯಾದ ಗಾಡಿಯಲ್ಲವೇ. ಬೂಟು, ಕಾಲುಚೀಲ ಎರಡನ್ನೂ ಬಿಚ್ಚಿ ಹುಲ್ಲಿನ ಮೇಲಿಟ್ಟು ಬರಿಗಾಲಲ್ಲಿ ಹತ್ತಿದೆ. ಕಬ್ಬಿಣ ಹಿಮದಂತೆ ಕೊರೆಯುತ್ತಿತ್ತು. ಬೆಲ್ಟ್ ಕಟ್ಟಿಕೊಂಡು, ಕ್ಲಚ್ ಒತ್ತಿ, ಸ್ಟಾರ್ಟ್ ಮಾಡಿ, ಗೇರು ಹಾಕಿದೆ. ಕ್ಲಚ್ಚಿನ ಮೇಲೆ ಇನ್ನೂ ಒಣಗದ ಅರಿಶಿನ, ಅದರ ಮೇಲೆ ಮರಗಟ್ಟಿದ ನನ್ನ ಪಾದ. ಸರಕ್ಕನೆ ಜಾರಿತು.

ಟ್ರ್ಯಾಕ್ಟರ್ ಒಮ್ಮೆ ಮುಗ್ಗರಿಸಿ ಮುಂದಕ್ಕೆ ನುಗ್ಗಿತು. ಗಾಬರಿಯಲ್ಲಿ ಬಲಗಾಲಿನಿಂದ ಬ್ರೇಕು ತುಳಿದೆ. ಸಿಕ್ಕಿದ್ದು ಒಂದೇ ಪೆಡಲು. ಹಿಂದಿನ ಸಂಜೆ ಹೊಲದಲ್ಲಿ ತೆಗೆದ ಚಿಲಕವನ್ನು ನಾನು ಹಾಕಿರಲಿಲ್ಲ. ಸುತ್ತು ಬಂದಿದ್ದೆ, ನಿಜ. ಕಣ್ಣು ಮಾತ್ರ ಚೆಂಡುಹೂವಿನ ಮೇಲಿತ್ತು. ಗಾಡಿ ಗಿರ್ರೆಂದು ಬಲಕ್ಕೆ ತಿರುಗಿ ಆಂಟಿಯ ಅವರೆ ಚಪ್ಪರದ ಕಡೆಗೆ ಹೊರಟಿತು. ಅದರ ಆಚೆ ಇಳಿಜಾರು. ಹಿಂದಿನಿಂದ ಅಂಕಲ್ ದನಿ ಕೇಳಿಸಿತು, ಏರಿಲ್ಲ, ಇಳಿದಿಲ್ಲ, ಆಪರೇಷನ್ ಥಿಯೇಟರಿನಲ್ಲಿ ನರ್ಸಿಗೆ ಹೇಳುವ ದನಿ.

"ಎಡಗಾಲು. ಕ್ಲಚ್ ಒತ್ತು. ಹಾಗೇ ಹಿಡ್ಕೋ. ನ್ಯೂಟ್ರಲ್. ಈಗ ಆಫ್ ಮಾಡು."

ಒಂದೊಂದಾಗಿ ಮಾಡಿದೆ. ಇಂಜಿನ್ ನಿಂತಿತು. ಚಪ್ಪರದ ಒಂದು ಕಂಬ ಮುರಿದು ಅವರೆ ಬಳ್ಳಿ ಮುಂಭಾಗದ ಹೂವಿನ ಮಾಲೆಗೆ ಸುತ್ತಿಕೊಂಡಿತ್ತು. ಬೆಲ್ಟ್ ನನ್ನನ್ನು ಸೀಟಿಗೆ ಕಟ್ಟಿ ಹಾಕಿತ್ತು. ಯಾರಿಗೂ ಏನೂ ಆಗಿಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಎಷ್ಟು ನಿರಾಳವಾಯಿತೆಂದರೆ, ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಹಾಗೇ ಕೂತುಬಿಟ್ಟೆ.

ಆಂಟಿ ಆರತಿ ತಟ್ಟೆ ಹಿಡಿದುಕೊಂಡೇ ಬಂದರು. ಚಪ್ಪರದ ಬಗ್ಗೆ ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಕಾಲು ನೋಡುತ್ತಿದ್ದರು.

"ಶೂ ಯಾಕಪ್ಪಾ ಬಿಚ್ಚಿದೆ?"

"ಪೂಜೆ ಮಾಡಿದ ಗಾಡಿ ಅಲ್ವಾ ಆಂಟಿ."

"ನಿನ್ನ ಕಾಲು ಮುರಿದ್ರೆ ದೇವರಿಗೆ ಸಂತೋಷಾನಾ? ಹಾಕ್ಕೋ ಹೋಗು. ಚಳಿಗೆ ನೀಲಿ ಆಗಿದೆ ನೋಡು." ಆಮೇಲೆ ಅವರೇ ಬಗ್ಗಿ ಸೆರಗಿನ ತುದಿಯಿಂದ ಪೆಡಲುಗಳ ಅರಿಶಿನವನ್ನು ಒರೆಸಿದರು. "ಇಲ್ಲಿಗೆ ಹಚ್ಚಬಾರದಿತ್ತು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಸಂಜೆ ಹೆಂಡತಿಗೆ ಫೋನ್ ಮಾಡಿದಾಗ ಚಪ್ಪರದ ವಿಷಯ ಹೇಳಿದೆ. ನಗಿಸಬೇಕೆಂದು ಹೇಳಿದ್ದು, ಅವಳು ನಗಲಿಲ್ಲ. "ಗಾಡಿ ಬೇಡ ಅನ್ನಿಸಿದ್ರೆ ಬಂದ್ಬಿಡಿ ರೀ. ಊರಿಗೆ ಹೋಗೋದೇನು ಅವಮಾನ ಅಲ್ಲ. ನೀವು ನೆಟ್ಟಗಿದ್ರೆ ಸಾಕು" ಎಂದಳು. ಊರಿಗೆ ಹೋಗುವುದು ನನಗೂ ಅವಮಾನವಾಗಿರಲಿಲ್ಲ. ಆದರೆ ಹೋಗುವುದಾದರೆ ನಾವಾಗಿ ಹೊರಟು ಹೋಗಬೇಕು, ಯಾರೋ ಕುರ್ಚಿ ಎಳೆದದ್ದಕ್ಕೆ ಹೋಗಬಾರದು ಎಂಬ ಹಟ ನನ್ನದು. ಮರುದಿನ ಬೆಳಗ್ಗೆ ಎದ್ದು ಚಪ್ಪರದ ಕಂಬ ನೆಟ್ಟೆ. ಬೂಟು ಹಾಕಿಕೊಂಡೆ. ಈ ಸಲ ಹೂವು ನೋಡಲಿಲ್ಲ. ಚಕ್ರ ನೋಡಿದೆ, ತ್ರಿಕೋನ ನೋಡಿದೆ, ಬಗ್ಗಿ ಚಿಲಕ ನೋಡಿದೆ. ಕಿಟಕಿ ಕಡೆಗೂ ನೋಡಿದೆ. ಆಂಟಿ ತಲೆ ಆಡಿಸಿದರು.

ಶುಕ್ರವಾರ ಬಂತು. ಪರೀಕ್ಷೆಯ ಹೊಲ ಅಂಕಲ್ ಮನೆಯಿಂದ ಅರ್ಧ ಗಂಟೆ. ಸುತ್ತ ಎಲ್ಲೆಲ್ಲೂ ಕೊಯ್ಲಾದ ಮುಸುಕಿನ ಜೋಳದ ಬಯಲು. ಮ್ಯಾನೇಜರ್ ಕೈಕುಲುಕಿ ಒಬ್ಬ ಹಿರಿಯನ ಕೈಗೆ ನನ್ನನ್ನು ಒಪ್ಪಿಸಿ ದೂರದ ಶೆಡ್ಡಿಗೆ ಹೋದ. ಈ ಹಿರಿಯ ಅಲ್ಲಿಯ ಪರೀಕ್ಷಾ ಚಾಲಕ, ದಪ್ಪ ಕೋಟು, ಕೈಯಲ್ಲಿ ಕಾಫಿ, ಮಾತು ಕಮ್ಮಿ. ದಾರಿ ತೋರಿಸಿದ. ಒಳರಸ್ತೆಯಲ್ಲಿ ಒಂದು ಮೈಲಿ ಹೋಗಬೇಕು, ಹೊಲದಲ್ಲಿ ಕೆಲವು ಸಾಲು ಉಳಬೇಕು, ಹೊಲದ ಅಂಚಿನಲ್ಲಿ ನಿಲ್ಲಿಸಿ ಇಳಿದು ಮೈಗೆ ಏನೇನಾಯಿತೆಂದು ಹೇಳಬೇಕು, ಮತ್ತೆ ಅದೇ ರಸ್ತೆಯಲ್ಲಿ ವಾಪಸ್ಸು ಬರಬೇಕು. ತಾನು ಪಿಕಪ್ಪಿನಲ್ಲಿ ಹಿಂದೆ ಬರುತ್ತೇನೆ ಎಂದ. ಟ್ರ್ಯಾಕ್ಟರ್ ಅಂಕಲ್ಲಿನದಕ್ಕಿಂತ ಎರಡು ಪಟ್ಟು ದೊಡ್ಡದು, ಗಾಜಿನ ಕ್ಯಾಬಿನ್ನು. ಪೆಡಲುಗಳು ಮಾತ್ರ ಅವೇ ಮೂರು.

ಏನು ಮಾಡಬೇಕೆಂದು ಯೋಚಿಸಲಿಲ್ಲ, ಕಾಲು ತಾನಾಗಿ ಎಡಕ್ಕೆ ಹೊರಟು ಸುತ್ತು ಬಂತು. ಮುಂದಿನ ಚಕ್ರ, ಹಿಂದಿನ ಚಕ್ರ, ತ್ರಿಕೋನ, ಆ ಕಡೆಯ ದೀಪ. ಬಾಗಿಲು ತೆಗೆದು ಪೆಡಲುಗಳ ಕಡೆ ಬಗ್ಗಿದೆ. ಬ್ರೇಕುಗಳ ನಡುವಿನ ಚಿಲಕ ತೆಗೆದೇ ಇತ್ತು. ರಸ್ತೆಗೆ ಹೊರಡುವ ಗಾಡಿ. ಚಿಲಕ ಹಾಕಿದೆ, ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡೆ, ಮುಖ ಯಂತ್ರದ ಕಡೆ ಮಾಡಿ ಹತ್ತಿದೆ. ಸೀಟು ನನಗಿಂತ ಬಹಳ ದಪ್ಪ ಮನುಷ್ಯನೊಬ್ಬನ ತೂಕಕ್ಕೆ ಬಿಗಿಯಾಗಿತ್ತು. ಅದನ್ನು ನನ್ನ ತೂಕಕ್ಕೆ ಇಳಿಸಿದೆ. ಹಿರಿಯ ಕಾಫಿ ಕುಡಿಯುತ್ತ ಸುಮ್ಮನೆ ನೋಡುತ್ತಿದ್ದ.

ರಸ್ತೆಯಲ್ಲಿ ಹೋದೆ. ಬಲಗಡೆ ಅಂಚು ಹಿಡಿದು, ತಿರುವಿಗೆ ಮುಂಚೆಯೇ ನಿಧಾನ ಮಾಡಿ. ಹೊಲಕ್ಕೆ ಇಳಿದ ಮೇಲೆ ಚಿಲಕ ತೆಗೆದು ಸಾಲು ಹೊಡೆದೆ. ಹಿಂದಿನ ದಿನ ಮಳೆ ಬಂದಿತ್ತು, ನೆಲ ಅಂಟಂಟು. ದೂರದಲ್ಲಿ ಒಂದು ಒಂಟಿ ಮರ ಸಿಕ್ಕಿತು, ಅದಕ್ಕೇ ಕಣ್ಣು ನೆಟ್ಟೆ. ಮೊದಲ ಸಾಲಿನ ತುದಿಯಲ್ಲಿ ಒಂದು ಬ್ರೇಕನ್ನು ಮೆಲ್ಲಗೆ ಒತ್ತಿ ತಿರುಗಿಸಿದಾಗ ಆ ಭಾರೀ ಯಂತ್ರ ಹೇಳಿದ ಮಾತು ಕೇಳಿತು. ಅಲ್ಲಿಂದ ಮುಂದೆ ಭುಜ ಸಡಿಲವಾಯಿತು.

ಅಂಚಿನಲ್ಲಿ ನಿಲ್ಲಿಸಿ ಇಳಿದೆ. ಮೈಗೆ ಏನಾಯಿತು ಎಂದು ಹಿರಿಯ ಕೇಳಿದ. ಇದು ನನ್ನ ಕ್ಷೇತ್ರ, ಮಾತು ತಾನಾಗಿ ಬಂತು. ಸೀಟು ಕೆಟ್ಟದ್ದಲ್ಲ, ಆದರೆ ತೂಕ ಹೊಂದಿಸುವ ಗುಂಡಿ ಕೂತವನ ಕೈಗೆ ಸಿಗುವುದಿಲ್ಲ, ಹಾಗಾಗಿ ಯಾರೂ ಹೊಂದಿಸಿಕೊಳ್ಳುವುದಿಲ್ಲ ಎಂದೆ. ರೈತ ಅರ್ಧ ದಿನ ಹಿಂದಕ್ಕೆ ನೋಡುತ್ತಾನೆ, ನೀವು ಅವನನ್ನು ಮುಂದಕ್ಕೆ ಕೂರಿಸಿದ್ದೀರಿ. ಸೀಟು ಬಲಕ್ಕೆ ಸ್ವಲ್ಪವಾದರೂ ತಿರುಗಬೇಕು, ಇಲ್ಲದಿದ್ದರೆ ಅವನ ಕುತ್ತಿಗೆ ತಿರುಗುತ್ತದೆ ಎಂದೆ. ಸಂದರ್ಶನಕ್ಕೆ ಬಂದವನು ಇಷ್ಟು ಜೋರಾಗಿ ಹೇಳಬಾರದಿತ್ತೋ ಏನೋ. ಹೇಳಿಬಿಟ್ಟಿದ್ದೆ. ಅವನು ಹೂಂ ಎಂದ. ವಾಪಸ್ಸು ಹೊರಡು ಎಂದ.

ಹತ್ತಬಹುದಿತ್ತು. ಬಾಗಿಲು ಎದುರಿಗೇ ಇತ್ತು, ಮನಸ್ಸು ಆಗಲೇ ಶೆಡ್ಡು ತಲುಪಿತ್ತು. ಆದರೆ ಇಳಿದು ಮತ್ತೆ ಹತ್ತುವಾಗ ಸುತ್ತು ಬರದಿದ್ದರೆ ಕಿಟಕಿಯ ಗಾಜು ತಟ್ಟುವವರ ನೆನಪಾಯಿತು. ಸುತ್ತು ಬಂದೆ. ಹಿಂಬದಿಗೆ ಬಂದಾಗ ಕಂಡದ್ದು ಕೆಸರು. ಚಕ್ರಗಳು ಎರಚಿದ ಕೆಸರಿನಲ್ಲಿ ಕಿತ್ತಳೆ ತ್ರಿಕೋನ ಪೂರ್ತಿ ಮುಚ್ಚಿಹೋಗಿತ್ತು. ಜೇಬಿನಿಂದ ಕರ್ಚೀಫು ತೆಗೆದು ಒರೆಸಿದೆ. ಸಾಲದಾದಾಗ ಕೋಟಿನ ತೋಳಿನಿಂದ ಒರೆಸಿದೆ. ಸಂದರ್ಶನಕ್ಕೆಂದು ಹೆಂಡತಿ ಇಸ್ತ್ರಿ ಮಾಡಿ ಕಳಿಸಿದ್ದ ಕೋಟು. ಈ ಕಡೆ ಬಂದು ಮತ್ತೆ ಚಿಲಕ ಹಾಕಿ, ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದೆ.

ಶೆಡ್ಡಿನ ಬಳಿ ಇಳಿದಾಗ ಹಿರಿಯ ಮೊದಲ ಸಲ ತಾನಾಗಿ ಮಾತಾಡಿದ. ಚಿಲಕವನ್ನು ಪ್ರತಿ ಸಲವೂ ತಾನೇ ತೆಗೆದಿಡುತ್ತೇನೆ, ಯಾರು ನೋಡುತ್ತಾರೆ ಎಂದು ನೋಡಲು ಎಂದ. ಹೊರಡುವಾಗ ಕೆಲವರು ನೋಡುತ್ತಾರೆ, ಹೊಲದಿಂದ ರಸ್ತೆಗೆ ಮರಳುವಾಗ ಯಾರೂ ನೋಡುವುದಿಲ್ಲ ಎಂದ. ಆಮೇಲೆ, ಅದೇನು ಮೆಟ್ಟಿಲು ಮುಟ್ಟಿ ಕಣ್ಣು ಮುಟ್ಟಿಕೊಂಡದ್ದು ಎಂದು ಕೇಳಿದ. ನಾನು ಕಲಿತ ಮನೆಯ ಯಜಮಾನಿ ಹಾಗೆ ಮಾಡದೆ ಹತ್ತಲು ಬಿಡುವುದಿಲ್ಲ ಎಂದೆ. ಅವನು ಸ್ವಲ್ಪ ಯೋಚಿಸಿ, ಸರಿಯಾಗಿಯೇ ಕಲಿಸಿದ್ದಾಳೆ ಎಂದು ನನ್ನ ಕೆಸರಿನ ತೋಳನ್ನು ನೋಡಿ ನಕ್ಕ.

ಈ ಕಥೆ ಕೇಳಿ ಅಂಕಲ್ "ನೋಡಿದ್ಯಾ, ಪ್ರೀ-ಆಪ್ ಚೆಕ್" ಎಂದರು. ಆಂಟಿ "ಪ್ರದಕ್ಷಿಣೆ" ಎಂದರು. ಆ ಜಗಳ ಇನ್ನೂ ಇತ್ಯರ್ಥವಾಗಿಲ್ಲ. ನಾನು ಬದನೆಕಾಯಿ ಕೊಟ್ಟವರ ಪಕ್ಷ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ಲಿಸ್ಲ್‌ನ ಆಫೀಸಿಗೆ ಕರೆದೊಯ್ದ. ಕೂರಿಸಿ, ಕೆಲಸ ನಿನ್ನದು ಎಂದ. ವೀಸಾ ವರ್ಗಾವಣೆಯ ಕಾಗದಪತ್ರ ಸೋಮವಾರವೇ ಶುರು ಮಾಡುತ್ತೇವೆ ಎಂದ. ನಾನು ಏನು ಹೇಳಿದೆನೋ ನೆನಪಿಲ್ಲ. ಆ ಕೋಣೆಯ ಕುರ್ಚಿ ಬಹಳ ಕೆಟ್ಟದ್ದಾಗಿತ್ತು, ಅದು ನೆನಪಿದೆ. ಅಂಥ ಕೆಟ್ಟ ಕುರ್ಚಿಯಲ್ಲಿ ಅಷ್ಟು ಸುಖವಾಗಿ ನಾನು ಎಂದೂ ಕೂತಿರಲಿಲ್ಲ.

ಪಾರ್ಕಿಂಗ್ ಲಾಟಿಗೆ ಬಂದು ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ. ಎರಡು ಸಲ ಉಸಿರು ಎಳೆದುಕೊಂಡು ಹೆಂಡತಿಗೆ ಫೋನ್ ಮಾಡಿದೆ. ಹಿಂದೆ ಮಗಳು ಟಿವಿ ನೋಡುತ್ತಿದ್ದ ಸದ್ದು ಕೇಳುತ್ತಿತ್ತು. ಕೆಲಸ ಸಿಕ್ಕಿತು ಎಂದು ಹೇಳಬೇಕೆಂದು ಬಾಯಿ ತೆರೆದೆ, ಬಂದದ್ದು ಬೇರೆ ಮಾತು.

"ನಾಳೆ ಅವ್ರಿಗೆ ಬರಬೇಡಿ ಅಂತ ಹೇಳ್ಬಿಡು. ಗ್ರೈಂಡರ್ ಕೊಡಬೇಡ."

ಅವಳು ಅಳುತ್ತಿದ್ದಾಳೆ ಎಂದು ಗೊತ್ತಾಯಿತು. ಆಮೇಲೆ ಮೂಗೆಳೆದುಕೊಂಡು, ನಮ್ಮ ಮನೆಯ ಶುಕ್ರವಾರ ಸಂಜೆಯ ಅದೇ ದನಿಯಲ್ಲಿ ಹೇಳಿದಳು:

"ಹಾಗಾದ್ರೆ ಅಕ್ಕಿ ನೆನೆಹಾಕ್ತೀನಿ. ನಿಧಾನಕ್ಕೆ ಡ್ರೈವ್ ಮಾಡ್ಕೊಂಡು ಬನ್ನಿ."